ಬ್ಯಾಡರಹಳ್ಳಿಯಿಂದ ಅಶೋಕನಗರಕ್ಕೆ

ಬೆಂಗಳೂರಿನ ಪೇಟೆಯಿಂದ ಪಶ್ಚಿಮದಿಕ್ಕಿಗೆ ಹೊರಟು, ಮಾಗಡಿಗೆ ಹೋಗುವ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ, ಹೇರೋಹಳ್ಳಿಗಳನ್ನು ದಾಟಿದರೆ ಬ್ಯಾಡರಹಳ್ಳಿ ಸಿಕ್ಕುವುದು. ಬೇಡರ ಹಳ್ಳಿ ಎಂಬುದೇ ಜನರ ನಾಲಗೆಯಲ್ಲಿ ಹೀಗಾಯಿತೆಂದು ತೋರುವುದು. ಮೇಲೆ ಎಂಬುದನ್ನು ಮ್ಯಾಲೆ ಎಂದೂ, ಪೇಟೆಯನ್ನು ಪ್ಯಾಟೆ ಎಂದೂ ನುಡಿಯುವ ಸೀಮೆಯಲ್ಲಿ ಇದು ಆಶ್ಚರ್ಯವಲ್ಲ. ಈ ದಾರಿಯ ದಿಕ್ಕಿಗೆ ಒಂದು ಚರಿತ್ರೆಯೂ ಉಂಟು. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರ ವಂಶದವರು, 1638ರಲ್ಲಿ ಬಿಜಾಪುರದ ಸೈನ್ಯಕ್ಕೆ ಊರನ್ನು ಬಿಟ್ಟುಕೊಟ್ಟ ಮೇಲೆ ಮಾಗಡಿಯಲ್ಲಿ ನೆಲೆಸಿದರು. ರಾಜಧಾನಿಯನ್ನು ಕಳೆದುಕೊಂಡವರು ನಡೆದ ದಿಕ್ಕಿನಲ್ಲಿಯೇ ಈಗ ರಾಜಧಾನಿಯು ತಾನಾಗಿ ಬೆಳೆದು ಬರುತ್ತಿದೆ.

ಬೇಡರೂ ಇಲ್ಲ, ಬೇಟೆಯ ಕಾಡೂ ಇಲ್ಲ. ಬಿ.ಇ.ಎಲ್. ನೌಕರರ ಬಡಾವಣೆ ಮೊದಲುಗೊಂಡು ಒಂದರ ಪಕ್ಕದಲ್ಲಿ ಒಂದು ಬಡಾವಣೆ ಎದ್ದಿದೆ. ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಮಾಗಡಿ ರಸ್ತೆಯ ಮೇಲೆ ಮೆಟ್ರೊ ರೈಲಿನ ಮಾರ್ಗಕ್ಕೆ 2024ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಮಂತ್ರಿಮಂಡಲದ ಒಪ್ಪಿಗೆ ದೊರೆತಿದ್ದು, ಅದರ ನಿಲ್ದಾಣಗಳ ಪಟ್ಟಿಯಲ್ಲಿ ನಮ್ಮ ಊರಿನ ಹೆಸರೂ ಸೇರಿದೆ. ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಇಲ್ಲಿ ವಾಸವಾಗಿದ್ದೇನೆ. ಪ್ರಾತಃಕಾಲದ ಸಂಚಾರಕ್ಕೆ ಹೋದಾಗ ಕಣ್ಣಿಗೆ ಬಿದ್ದ ಒಂದು ಕಾಲೇಜಿನ ಕಾಲ್ಚೆಂಡಿನ ತಂಡವೂ, ಆ ತಂಡದೊಡನೆ ನಗರದ ಪೂರ್ವದ ತುದಿಯವರೆಗೆ ಮಾಡಿದ ಒಂದು ದಿನದ ಪ್ರಯಾಣವೂ ಈ ಲೇಖನದ ವಿಷಯ.

ಸಂಸ್ಕೃತ ಓದಿದ ಮೇಷ್ಟರಿಗೆ ಕಾಲ್ಚೆಂಡಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಂದುಕವು ನಮ್ಮ ಕವಿಗಳಿಗೆ ಅಪರಿಚಿತವಾದ ವಸ್ತುವಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಪುತ್ರಿ ದೇವಿಯ ಪ್ರೀತ್ಯರ್ಥವಾಗಿ ಜನರೆದುರಿಗೆ ಚೆಂಡಾಡುವ ಪ್ರಸಂಗವುಂಟು. ಕುರುಕುಮಾರರ ಚೆಂಡು ಬಾವಿಗೆ ಬಿದ್ದಾಗ ದ್ರೋಣಾಚಾರ್ಯರು ಹುಲ್ಲುಕಡ್ಡಿಗಳನ್ನು ಒಂದಕ್ಕೊಂದು ಪೋಣಿಸಿ ಅದನ್ನು ಮೇಲಕ್ಕೆ ತೆಗೆದುಕೊಟ್ಟ ಕಥೆಯನ್ನಂತೂ ಮನೆಮನೆಯ ಮಕ್ಕಳೂ ಬಲ್ಲರು. ಆ ಆಚಾರ್ಯರಿಗೆ ಶಿಷ್ಯರು ದೊರೆತದ್ದು ಆಟದ ಬಯಲಿನಲ್ಲಿ. ಕಾಲಿನಿಂದ ಒದ್ದು ಆಡುವ ಈಗಿನ ಆಟಕ್ಕೆ 1863ರಲ್ಲಿ ಲಂಡನ್ನಿನಲ್ಲಿ ನಿಯಮಗಳಾದವು. ಸೈನಿಕರ ಸಂಗಡ ಅದು ನಮ್ಮ ದಂಡಿನ ಪ್ರದೇಶಕ್ಕೆ ಬಂದಿತು. ಬಂದ ಆಟ ನಮ್ಮದಾಯಿತು.

ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಬಯಲಿದೆ. ಬಡಾವಣೆಗೆಂದು ಗಡಿಕಲ್ಲು ನೆಟ್ಟು, ಇನ್ನೂ ಮನೆಗಳೇಳದೆ ಉಳಿದಿರುವ ಜಾಗ. ಮಳೆಗಾಲದಲ್ಲಿ ಕಾಲೇಜು ತೆರೆದ ಕೆಲವೇ ದಿನಗಳಲ್ಲಿ ಹದಿನಾರು ಹದಿನೇಳು ಹುಡುಗರು ಬೆಳಗಿನ ಐದೂವರೆಗೆ ಅಲ್ಲಿ ಸೇರತೊಡಗಿದರು. ಎರಡು ಕಡೆಯೂ ಇಟ್ಟಿಗೆಯ ಗುಡ್ಡೆಗಳೇ ಗೋಲಿನ ಕಂಬಗಳು. ಕಾಲೇಜಿನ ದೈಹಿಕ ಶಿಕ್ಷಣದ ಅಧ್ಯಾಪಕರು ತಮ್ಮ ಸ್ಕೂಟರಿನ ಮೇಲೆ ಚೆಂಡುಗಳ ಬಲೆಚೀಲವನ್ನು ಹೇರಿಕೊಂಡು ಬರುವರು. ಹುಡುಗರಲ್ಲಿ ಒಬ್ಬನ ತಂದೆ ಆಟೊ ನಡೆಸುವವರು. ಮತ್ತೊಬ್ಬನ ತಾಯಿ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವಾಕೆ. ಇಬ್ಬರು ಸಂಜೆ ಔಷಧದ ಅಂಗಡಿಯಲ್ಲಿ ಕೆಲಸ ಮಾಡಿ ಫೀಜು ಕಟ್ಟುವವರು. ಹಾಲಿನ ಅಂಗಡಿ ತೆರೆಯುವ ಮೊದಲೇ ಎದ್ದು, ಎಂಟಕ್ಕೆ ಆಟ ಮುಗಿಸಿ, ಒಂಬತ್ತಕ್ಕೆ ತರಗತಿಯಲ್ಲಿ ಕುಳಿತಿರಬೇಕು. ಇದು ಸೋಮಾರಿಗಳ ಕೆಲಸವಲ್ಲವೆಂದು ಗೃಹಸ್ಥರು ಒಪ್ಪಿಕೊಳ್ಳತಕ್ಕದ್ದು.

ಕಾಲೇಜು ತಂಡದ ಋತು ದೀರ್ಘವಾದದ್ದಲ್ಲ. ಒಂದು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳ ತಂಡಗಳು ಪರಸ್ಪರ ಸೆಣಸುವುವು. ಸೋತ ತಂಡ ಮನೆಗೆ, ಗೆದ್ದ ತಂಡ ಮುಂದಿನ ಸುತ್ತಿಗೆ. ಈ ಪಂದ್ಯಗಳಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡವನ್ನು ಕಟ್ಟುವರು. ಆ ತಂಡ ದಕ್ಷಿಣವಲಯದ ಪಂದ್ಯಗಳಿಗೂ, ಅಲ್ಲಿ ಮುಂದೆ ಬಂದರೆ ಅಖಿಲ ಭಾರತದ ಪಂದ್ಯಗಳಿಗೂ ಹೋಗುವುದು. ಆದಕಾರಣ ಒಂದು ದಿನದ ಸೋಲು ಒಂದು ವರ್ಷದ ಸೋಲೇ ಸರಿ. ಪರೀಕ್ಷೆಯಲ್ಲಿ ತಪ್ಪಿದವನಿಗೆ ಮತ್ತೊಂದು ಪರೀಕ್ಷೆಯುಂಟು. ಇಲ್ಲಿ ತಪ್ಪಿದವನು ಬರುವ ವರ್ಷದವರೆಗೆ ಕಾಯಬೇಕು. ಕಾಲೇಜಿನ ವರ್ಷಗಳೋ ಎಣಿಸಿದಷ್ಟೇ.

ಮೊದಲನೆಯ ಪಂದ್ಯವನ್ನು ನಮ್ಮ ಹುಡುಗರು ಎರಡು ಗೋಲುಗಳಿಂದ ಗೆದ್ದರು. ಎರಡನೆಯದು ಸಮಸಮವಾಗಿ, ಪೆನಾಲ್ಟಿ ಒದೆತಗಳಿಗೆ ಬಂದಿತು. ಆಟವನ್ನು ನೋಡದವರಿಗಾಗಿ ಹೇಳುವೆನು: ಗೋಲಿನ ಎರಡು ಕಂಬಗಳ ನಡುವೆ 7.32 ಮೀಟರು ಅಗಲ. ಅಡ್ಡಪಟ್ಟಿಯ ಎತ್ತರ 2.44 ಮೀಟರು. ಹನ್ನೊಂದು ಮೀಟರು ದೂರದಲ್ಲಿ ಚೆಂಡನ್ನಿಟ್ಟು ಒಬ್ಬನು ಒದೆಯುವನು. ಅಷ್ಟು ದೊಡ್ಡ ಬಾಗಿಲನ್ನು ಗೋಲ್‌ಕೀಪರ್ ಒಬ್ಬನೇ ಕಾಯಬೇಕು. ಆಟೊ ನಡೆಸುವವರ ಮಗನೇ ನಮ್ಮ ಗೋಲ್‌ಕೀಪರ್. ಆತ ಎರಡು ಚೆಂಡುಗಳನ್ನು ತಡೆದನು. ಆ ಸಂಜೆ ನಮ್ಮ ಬೀದಿಯಲ್ಲಿ ಅವನನ್ನು ಹೆಗಲ ಮೇಲೆ ಹೊತ್ತು ತಂದರು. ಕೆಸರಿನಲ್ಲಿ ಅದ್ದಿದಂತಿದ್ದ ಅಂಗಿಯನ್ನು ಕಂಡು ತಾಯಿ ಗದರಿದರು. ಗದರುತ್ತಲೇ ದೃಷ್ಟಿ ನಿವಾಳಿಸಿದರು.

ಈ ನಡುವೆ ಬಯಲಿನಲ್ಲಿ ಬೇರೊಂದು ಕೆಲಸ ಮೊದಲಾಗಿತ್ತು. ಈಶಾನ್ಯದ ಮೂಲೆಯ ನಿವೇಶನದಲ್ಲಿ ಒಬ್ಬರು ಪಾಯ ತೋಡಿಸಿದರು. ಹುಡುಗರು ಇಟ್ಟಿಗೆಯ ಗುಡ್ಡೆಗಳನ್ನು ಹತ್ತು ಹೆಜ್ಜೆ ಈಚೆಗೆ ತಂದರು. ಹದಿನೈದು ದಿನಗಳ ಮೇಲೆ ಪಕ್ಕದ ನಿವೇಶನದಲ್ಲಿ ಜಲ್ಲಿ ಬಿದ್ದಿತು. ಗೋಲು ಮತ್ತೆ ಈಚೆಗೆ ಬಂದಿತು. ಯಾರನ್ನೂ ದೂರುವಂತಿಲ್ಲ. ನಿವೇಶನ ಕೊಂಡವನು ಮನೆ ಕಟ್ಟುವುದು ಗೃಹಸ್ಥಧರ್ಮವೇ. ಆದರೂ, ಪ್ರತಿಯೊಂದು ಪಾಯಕ್ಕೂ ಒಂದೊಂದು ಅಂಕಣದಷ್ಟು ಆಟ ಕುಗ್ಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು.

ಮೂರನೆಯ ಪಂದ್ಯ ನಗರದ ಪೂರ್ವಭಾಗದಲ್ಲಿರುವ ಒಂದು ಕಾಲೇಜಿನ ಮೈದಾನದಲ್ಲಿ ನಡೆಯತಕ್ಕದ್ದಾಗಿತ್ತು. ಅಧ್ಯಾಪಕರು, “ತಾವೂ ಬನ್ನಿ ಸಾರ್, ಹುಡುಗರಿಗೆ ಸಂತೋಷವಾಗುತ್ತೆ” ಎಂದು ಕರೆದರು. ಬುತ್ತಿಯನ್ನು ಕಟ್ಟಿಸಿಕೊಂಡು, ಸೂರ್ಯೋದಯಕ್ಕೆ ಮುಂಚೆ ನಾನೂ ಬಸ್ಸು ಹತ್ತಿದೆನು.

ಮಾಗಡಿ ರಸ್ತೆಯನ್ನು ಮುಗಿಸಿ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಇಳಿದೆವು. ಲಕ್ಷಾಂತರ ಜನರು ದಿನವೂ ತುಳಿಯುವ ಆ ನೆಲ ಹಿಂದೆ ಧರ್ಮಾಂಬುಧಿಯೆಂಬ ಕೆರೆಯಾಗಿತ್ತೆಂದು ಹುಡುಗರಿಗೆ ಹೇಳಿದೆನು. ಒಬ್ಬಿಬ್ಬರು ಕಾಲಕೆಳಗೆ ನೋಡಿಕೊಂಡರು. ಬಸ್ಸು ಬದಲಾಯಿಸಿ ಪೂರ್ವಕ್ಕೆ ಹೋಗುವಾಗ ಕಂಠೀರವ ಕ್ರೀಡಾಂಗಣ ಬಂದಿತು. ಅದು ಸಂಪಂಗಿ ಕೆರೆಯ ಅಂಗಳ. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಗಳಲ್ಲಿ ಊರಿಗೆ ಬಂದಮೇಲೆ ಹತ್ತಿರದ ಕೆರೆಗಳ ಮೇಲಣ ಆದರ ಕಡಮೆಯಾಯಿತು. ಅವು ಬತ್ತಿದುವು, ಅಥವಾ ಬತ್ತಿಸಲ್ಪಟ್ಟುವು. ಸಂಪಂಗಿಯ ಜಲ ಈಗ ಒಂದು ಸಣ್ಣ ಕೊಳವಾಗಿ ಉಳಿದು, ಕರಗದ ಕಾಲದ ಪೂಜೆಗೆ ಒದಗುತ್ತಿದೆ. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಆಟದ ಕ್ರೀಡಾಂಗಣವಾಯಿತು. ಅಶೋಕನಗರದಲ್ಲಿ ಶೂಲೆ ಕೆರೆಯಿದ್ದ ಸ್ಥಳದಲ್ಲಿ ಫುಟ್‌ಬಾಲ್ ಕ್ರೀಡಾಂಗಣವಿದೆ. ಕೆರೆ ಹೋದದ್ದು ಊರಿಗೆ ನಷ್ಟ. ಅದನ್ನು ಲಾಭವೆಂದು ನಾನು ಹೇಳುವುದಿಲ್ಲ. ಆದರೆ ಆ ಕಾಲದ ಹಿರಿಯರು, ನೀರು ಹೋದಮೇಲೆ ಕೆಲವು ಅಂಗಳಗಳನ್ನಾದರೂ ಚೂರುಚೂರಾಗಿ ಹಂಚದೆ ಬಯಲಾಗಿಯೇ ಉಳಿಸಿಕೊಂಡರು. ಧರ್ಮಾಂಬುಧಿಗೆ ಬಸ್ಸು ಬಂದಿತು. ಸಂಪಂಗಿಗೂ ಶೂಲೆಗೂ ಚೆಂಡು ಬಂದಿತು.

ಪಂದ್ಯ ಒಂಬತ್ತಕ್ಕೆ ಮೊದಲಾಯಿತು. ಮೊದಲನೆಯ ಇಪ್ಪತ್ತು ನಿಮಿಷ ನಮ್ಮವರು ಆಡಿದ ಆಟ ನೋಡತಕ್ಕದ್ದು. ಇಕ್ಕಟ್ಟಿನಲ್ಲಿ ಕಲಿತ ಕಾಲುಗಳು. ಇಬ್ಬರು ಮುತ್ತಿದರೂ ಅಂಗೈಯಗಲದ ಜಾಗದಲ್ಲಿ ಚೆಂಡನ್ನು ತಿರುಗಿಸಿಕೊಂಡು ಬಿಡುವರು. ಮೊದಲನೆಯ ಗೋಲು ನಮ್ಮದೇ ಆಯಿತು. ಅನಂತರ ಎದುರಿನವರು ಆಟದ ರೀತಿಯನ್ನು ಬದಲಾಯಿಸಿದರು. ನಡುವೆ ನುಗ್ಗುವುದನ್ನು ಬಿಟ್ಟು, ಚೆಂಡನ್ನು ಈ ಅಂಚಿನಿಂದ ಆ ಅಂಚಿಗೆ ಎತ್ತಿ ಒದೆಯತೊಡಗಿದರು. ನಮ್ಮವರು ಬಲಕ್ಕೆ ಓಡುವಷ್ಟರಲ್ಲಿ ಚೆಂಡು ಎಡಕ್ಕೆ. ಎಡಕ್ಕೆ ಓಡುವಷ್ಟರಲ್ಲಿ ಬಲಕ್ಕೆ. ಅಷ್ಟಗಲದ ಬಯಲನ್ನು ಕಾಯುವ ಅಭ್ಯಾಸ ಅವರಿಗೆ ಇರಲಿಲ್ಲ. ಅರ್ಧ ಆಟ ಕಳೆಯುವಷ್ಟರಲ್ಲಿ ಸಮವಾಯಿತು. ಕೊನೆಯ ಕಾಲು ಗಂಟೆಯಲ್ಲಿ ಮತ್ತೆರಡು ಗೋಲುಗಳಾದುವು. ಒಂದಕ್ಕೆ ಮೂರು. ಋತು ಮುಗಿಯಿತು.

ಹುಡುಗರು ಬುತ್ತಿಯನ್ನು ಬಿಚ್ಚಲೊಲ್ಲದೆ ಮರದ ಕೆಳಗೆ ಕುಳಿತರು. ಆಗ ಅಧ್ಯಾಪಕರು ಒಂದು ಜಾಣತನದ ಕೆಲಸ ಮಾಡಿದರು. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಮಧ್ಯಾಹ್ನ ಅಶೋಕನಗರದಲ್ಲಿ ಲೀಗ್ ಮ್ಯಾಚ್ ಇದೆ, ನೋಡ್ಕೊಂಡು ಹೋಗೋಣ, ಏಳ್ರಪ್ಪಾ” ಎಂದು ಎಬ್ಬಿಸಿದರು.

ಅಶೋಕನಗರದ ಕ್ರೀಡಾಂಗಣ ನೋಡುವುದಕ್ಕೆ ವೈಭವದ್ದಲ್ಲ. ಆದರೆ ಅದರ ಸುತ್ತಲಿನ ಸೀಮೆಯು ಕಾಲ್ಚೆಂಡಿನ ಕ್ಷೇತ್ರವೇ ಸರಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರಿನ ಗೌತಮಪುರ—ಇಲ್ಲಿನ ಕೇರಿಗಳಲ್ಲಿ ಆಟಗಾರರು ತಲೆಮಾರಿನಿಂದ ತಲೆಮಾರಿಗೆ ಹುಟ್ಟಿ ಬಂದಿದ್ದಾರೆ. ಗೌತಮಪುರದಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಮುಂಬಯಿಯ ರೋವರ್ಸ್ ಕಪ್ಪು ಬಹುಕಾಲ ಗೋರಾ ಸೈನಿಕರ ಸೊತ್ತಾಗಿದ್ದಿತು. 1937ರಲ್ಲಿ ಅದನ್ನು ಗೆದ್ದು, 1938ರಲ್ಲಿ ಮತ್ತೆ ಗೆದ್ದು ತಂದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946–47ರಲ್ಲಿಯೂ, 1952–53ರಲ್ಲಿಯೂ, ಅನಂತರ 1967–68 ಮತ್ತು 1968–69ರಲ್ಲಿ ಒಂದರ ಹಿಂದೊಂದರಂತೆಯೂ ಗೆದ್ದಿತು.

1948ರ ಲಂಡನ್ ಒಲಿಂಪಿಕ್ಸಿನ ಕಥೆಯನ್ನು ನಾನು ಹುಡುಗರಿಗೆ ಅಲ್ಲಿಯೇ ಕುಳಿತು ಹೇಳಿದೆನು. ಸ್ವಾತಂತ್ರ್ಯ ಬಂದು ವರ್ಷವೂ ತುಂಬಿರಲಿಲ್ಲ. ನಮ್ಮ ದೇಶದ ತಂಡ ಫ್ರಾನ್ಸಿನ ಎದುರಿಗೆ ಇಳಿದಾಗ ಬಹುಮಂದಿ ಆಟಗಾರರ ಕಾಲಿನಲ್ಲಿ ಬೂಟು ಇರಲಿಲ್ಲ. ಸಿಕ್ಕಿದ್ದ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಒಂದಕ್ಕೆ ಎರಡು ಗೋಲುಗಳಿಂದ ಸೋಲಾಯಿತು. ಆದರೆ ಆ ಒಂದು ಗೋಲು, ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ಭಾರತದ ಮೊತ್ತಮೊದಲನೆಯ ಗೋಲು, ನಮ್ಮ ಮೈಸೂರು ಪ್ರಾಂತದ ಸಾರಂಗಪಾಣಿ ರಾಮನ್ ಅವರದು. ಬೆಂಗಳೂರಿನ ಅಹಮದ್ ಖಾನರೂ ಆ ತಂಡದಲ್ಲಿದ್ದರು. ಮುಂದೆ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಆಡಿದಾಗ, ಮುಂಚೂಣಿಯ ಐವರನ್ನು ಜನರು ಪಂಚಪಾಂಡವರೆಂದು ಕರೆದರು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ತಂಡದಲ್ಲಿಯೂ ಅವರಿದ್ದರು. “ಸೋತ ಮ್ಯಾಚನ್ನೂ ಜ್ಞಾಪಕ ಇಟ್ಕೋತಾರಾ ಸಾರ್?” ಎಂದು ನಮ್ಮ ಗೋಲ್‌ಕೀಪರ್ ಕೇಳಿದನು. ಬೆಳಗ್ಗಿನಿಂದ ಅವನಾಡಿದ ಮೊದಲನೆಯ ಮಾತು ಅದು.

ಪೂರ್ವದಲ್ಲಿ ಈ ವಿದ್ಯೆ ಇಷ್ಟು ಬೆಳೆಯಲು ಕಾರಣವೇನು? ಅಲ್ಲಿಯ ಮಕ್ಕಳ ಕಾಲಿನಲ್ಲಿ ಬೇರೆಯ ಎಲುಬಿಲ್ಲ. 1809ರಲ್ಲಿ ದಂಡು ನೆಲೆಯಾದಾಗಿನಿಂದ ಕವಾಯತಿಗೆ ಬಯಲುಗಳಿದ್ದುವು. ಕವಾಯತಿನ ಬಯಲಿನಲ್ಲಿ ಸಂಜೆ ಚೆಂಡು ಉರುಳಿತು. ಹಲಸೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದವರು ತಂಡ ಕಟ್ಟಿದರು. 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ದೂರವಾಣಿಯ ಕಾರ್ಖಾನೆ ಆ ಕಡೆಗೇ ಬಂದುವು. ಚೆನ್ನಾಗಿ ಆಡುವವನಿಗೆ ಅಲ್ಲಿ ಉದ್ಯೋಗವಿತ್ತು, ತಿಂಗಳ ಸಂಬಳವಿತ್ತು, ಆಡಿದರೆ ಅನ್ನ ಹುಟ್ಟುವುದೇ ಎಂದು ಕೇಳುವ ತಂದೆಗೆ ಉತ್ತರವಿತ್ತು. ಆ ದೂರವಾಣಿ ಕಾರ್ಖಾನೆಯ ಐ.ಟಿ.ಐ. ತಂಡವೇ 1977ರಲ್ಲಿ ಮೊದಲನೆಯ ಫೆಡರೇಷನ್ ಕಪ್ಪನ್ನು ಮೋಹನ್ ಬಗಾನಿನಂಥ ತಂಡವನ್ನು ಸೋಲಿಸಿ ಗೆದ್ದಿತು. ಬಯಲು, ಪಂದ್ಯ, ಉದ್ಯೋಗ—ಈ ಮೂರೂ ಕೂಡಿದಲ್ಲಿ ಆಟಗಾರ ಹುಟ್ಟಿದನು. ಮೂರರಲ್ಲಿ ಮೊದಲನೆಯದು ಇಲ್ಲದಿದ್ದರೆ ಉಳಿದೆರಡು ಇದ್ದೂ ಫಲವಿಲ್ಲ.

ಇದು ಹಳೆಯ ಕಾಲದ ಮಾತೆಂದು ತಳ್ಳುವಂತಿಲ್ಲ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ತಂಡ ತನ್ನ ಮೊದಲನೆಯ ಋತುವನ್ನು ಇದೇ ಅಶೋಕನಗರದ ಅಂಗಳದಲ್ಲಿ ಆಡಿ, 2014ರಲ್ಲಿ ದೇಶದ ಐ-ಲೀಗನ್ನು ಗೆದ್ದಿತು. ಬಳಿಕ ಕಂಠೀರವಕ್ಕೆ ಹೋಯಿತು. ಒಂದು ಕೆರೆಯ ಅಂಗಳದಿಂದ ಮತ್ತೊಂದು ಕೆರೆಯ ಅಂಗಳಕ್ಕೆ! 2023ರ ಮಾರ್ಚ್ 4ರಂದು ದೂರದ ರಿಯಾದ್ ನಗರದಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು ಎರಡಕ್ಕೆ ಮೂರು ಗೋಲುಗಳಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ತಂದರು. 1968–69ರ ಬಳಿಕ ಐವತ್ತನಾಲ್ಕು ವರ್ಷಗಳ ಮೇಲೆ ಬಂದ ಜಯವದು. ಕರ್ನಾಟಕವೆಂಬ ಹೆಸರಿನಲ್ಲಿ ಬಂದ ಮೊದಲನೆಯ ಜಯವೂ ಹೌದು.

ಹಿಂದಿರುಗುವಾಗ ಬಸ್ಸಿನಲ್ಲಿ ಗೋಲ್‌ಕೀಪರ್ ನನ್ನ ಪಕ್ಕದಲ್ಲಿ ಕುಳಿತನು. “ಸಾರ್, ನಾವು ಆಟ ಬರದೆ ಸೋಲಲಿಲ್ಲ. ಆ ಗ್ರೌಂಡ್‌ನ ಅಗಲ ನೋಡಿ ಸೋತ್ವಿ. ನಮ್ಮ ಜಾಗದಲ್ಲಿ ಅಷ್ಟು ದೂರ ಒದ್ರೆ ಚೆಂಡು ಯಾರದೋ ಮನೆ ಕಾಂಪೌಂಡ್‌ನಲ್ಲಿರುತ್ತೆ. ಅದಕ್ಕೆ ದೂರ ಒದೆಯೋದನ್ನೇ ನಾವು ಕಲೀಲಿಲ್ಲ” ಎಂದನು. ನಲವತ್ತು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನ ದೊರೆಯಲಾರದು.

ಆಗ ನಾನು ಒಂದು ಲೆಕ್ಕ ಹಾಕಿದೆನು. ಪೂರ್ಣ ಪ್ರಮಾಣದ ಕಾಲ್ಚೆಂಡಿನ ಬಯಲಿಗೆ 105 ಮೀಟರು ಉದ್ದ, 68 ಮೀಟರು ಅಗಲ. ಅಂದರೆ 7,140 ಚದರ ಮೀಟರು, ಸುಮಾರು 76,850 ಚದರ ಅಡಿ, ಒಂದು ಮುಕ್ಕಾಲು ಎಕರೆ. ನಮ್ಮ ಬಡಾವಣೆಗಳ ಮಧ್ಯಮವರ್ಗದ ನಿವೇಶನಕ್ಕೆ 30 ಅಡಿ ಅಗಲ, 40 ಅಡಿ ಉದ್ದ. ಅಂದರೆ 1,200 ಚದರ ಅಡಿ. ಭಾಗಿಸಿ ನೋಡಿದರೆ ಒಂದು ಬಯಲಿಗೆ ಸರಿಯಾಗಿ ಅರುವತ್ತನಾಲ್ಕು ನಿವೇಶನಗಳು. ನಮ್ಮ ಹಿರಿಯರು ಕಲೆಗಳನ್ನೂ ಅರುವತ್ತನಾಲ್ಕೆಂದೇ ಎಣಿಸಿದರು. ಅರುವತ್ತನಾಲ್ಕು ನಿವೇಶನಗಳ ಬೆಲೆಯನ್ನು ಮನಸ್ಸಿನಲ್ಲಿಯೇ ಗುಣಿಸಿ ನೋಡಿದ ಯಾವ ಭೂಮಾಲೀಕನೂ ತಾನಾಗಿ ಬಯಲನ್ನು ಬಿಡಲಾರನು. ಬಿಡಬೇಕೆಂದು ಬಯಸುವುದೂ ನ್ಯಾಯವಲ್ಲ. ಅದು ಊರು ಕೂಡಿ ಮಾಡತಕ್ಕ ಕೆಲಸ. ಅರುವತ್ತನಾಲ್ಕು ಮನೆಗಳ ಬಯಲು ಸಾವಿರಾರು ಮನೆಗಳ ಮಕ್ಕಳಿಗೆ ಒದಗುವುದು, ತಲೆಮಾರುಗಳವರೆಗೆ ಒದಗುವುದು.

ಬೇಡರ ಹಳ್ಳಿಯಲ್ಲಿ ಕುಳಿತು ಬರೆಯುವವನಿಗೆ ಏಕಲವ್ಯನ ಸ್ಮರಣೆ ಬಾರದಿರದು. ನಮ್ಮ ರಾಜ್ಯದಲ್ಲಿ ಉತ್ತಮ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೂ ಆ ಬೇಡರ ಹುಡುಗನ ಹೆಸರನ್ನೇ ಇಟ್ಟಿದ್ದಾರೆ. ಅವನಿಗೆ ಗುರುವಿರಲಿಲ್ಲ, ಮಣ್ಣಿನ ಮೂರ್ತಿಯನ್ನು ಮಾಡಿಕೊಂಡು ಕಲಿತನು. ಆದರೆ ಅವನಿಗೆ ಅರಣ್ಯವಿತ್ತು. ಬಾಣ ಬಿಟ್ಟಷ್ಟು ದೂರವೂ ಅವನದಾಗಿತ್ತು. ನಮ್ಮ ಹುಡುಗರಿಗೆ ಸ್ಕೂಟರಿನ ಮೇಲೆ ಬರುವ ಗುರುಗಳಿದ್ದಾರೆ; ಅರಣ್ಯವಿಲ್ಲ.

ಮಾಡತಕ್ಕದ್ದೇನು ಎಂದರೆ, ಅಸಾಧ್ಯವಾದದ್ದು ಯಾವುದೂ ಇಲ್ಲ. ಬಡಾವಣೆಯ ನಕ್ಷೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಗುರುತು ಮಾಡಿದ ಜಾಗ ಎಲ್ಲಿದೆಯೆಂದು ನಿವಾಸಿಗಳ ಸಂಘದವರು ಹುಡುಕಿ ತಿಳಿದುಕೊಳ್ಳಬೇಕು. ಅದರ ಮೇಲೆ ಮತ್ತೊಂದು ಕಟ್ಟಡದ ಮಾತು ಬಂದಾಗ ಸಭೆಗೆ ಹೋಗಿ ಒಂದು ಮಾತು ಆಡಬೇಕು. ಸಣ್ಣದೋ ದೊಡ್ಡದೋ ಅಂಗಳವುಳ್ಳ ಶಾಲೆಗಳು ಬೆಳಗ್ಗೆ ಎರಡು ಗಂಟೆಯ ಕಾಲ ಊರಿನ ಹುಡುಗರಿಗೂ ಹುಡುಗಿಯರಿಗೂ ಬಾಗಿಲು ತೆರೆದರೆ ಅವಕ್ಕೆ ನಷ್ಟವಿಲ್ಲ. ಮೆಟ್ರೊ ರೈಲು ಬಂದಮೇಲೆ ನೆಲದ ಬೆಲೆ ಇಳಿಯುವುದಿಲ್ಲ. ಆದಕಾರಣ ಬಯಲಿನ ಮಾತನ್ನು ಆಡುವುದಾದರೆ ಈಗಲೇ ಆಡಬೇಕು. ಇನ್ನು ಮನೆಯೊಳಗಿನ ಮಾತು: ಬೆಳಗ್ಗೆ ಐದಕ್ಕೆ ಬೂಟು ಹುಡುಕುವ ಮಗನನ್ನು ಗದರಿಸುವ ಮುನ್ನ, ಅವನು ಕಲಿಯಲು ಹೊರಟಿದ್ದಾನೆಂಬುದನ್ನು ತಾಯ್ತಂದೆಗಳು ಮನಸ್ಸಿಗೆ ತಂದುಕೊಳ್ಳಬೇಕು. ಹನ್ನೊಂದು ಜನರೊಡನೆ ಹೊಂದಿಕೊಂಡು ನಡೆಯುವುದನ್ನೂ, ಸೋತ ದಿನ ಗೆದ್ದವನ ಕೈ ಕುಲುಕುವುದನ್ನೂ ನಾನು ತರಗತಿಯಲ್ಲಿ ಕಲಿಸಬಲ್ಲೆನೆಂದು ಹೇಳಲಾರೆನು.

ನಮ್ಮ ತಂಡದ ನಾಯಕನಿಗೆ ಇದು ಕೊನೆಯ ವರ್ಷ. ಗೋಲ್‌ಕೀಪರಿಗೆ ಇನ್ನೂ ಒಂದು ವರ್ಷವಿದೆ. ಬಯಲಿನ ಈಶಾನ್ಯದಲ್ಲಿ ಎರಡು ಮನೆಗಳು ಛಾವಣಿಯವರೆಗೆ ಎದ್ದಿವೆ. ಉಳಿದ ಜಾಗದಲ್ಲಿ ಹುಡುಗರು ಈಗ ದೂರದ ಒದೆತವನ್ನು ಅಭ್ಯಾಸ ಮಾಡುತ್ತಿದ್ದಾರೆ. ಮೂರು ಸಲಕ್ಕೊಮ್ಮೆ ಚೆಂಡು ಯಾರದಾದರೂ ಕಾಂಪೌಂಡಿನೊಳಕ್ಕೆ ಬೀಳುವುದು. ಆ ಮನೆಯ ಹಿರಿಯರು ಮುಖ ಸಿಂಡರಿಸದೆ ಅದನ್ನು ಎತ್ತಿ ಹೊರಕ್ಕೆ ಎಸೆಯಲಿ. ದ್ರೋಣಾಚಾರ್ಯರು ಮಾಡಿದ್ದೂ ಅಷ್ಟೇ ಅಲ್ಲವೆ?